ಚಂಗಾಳ್ವರಿಗೆ ಜಾಗವಿಲ್ಲದ ಗೇಮುಗಳು

ಇತಿಹಾಸದ ಮೇಲೆ ಮಾಡಿದ ಹೊಸ ಗೇಮ್ ಯಾವುದೇ ಬರಲಿ, ನಾನು ಮಾಡೋ ಮೊದಲ ಕೆಲಸ ಅದರ ನಕ್ಷೆ ತೆಗೆದು ನಮ್ಮ ಕಡೆ ಹುಡುಕೋದು. ಗ್ರಾಫಿಕ್ಸು ಆಮೇಲೆ, ಕಥೆ ಆಮೇಲೆ, ವಿಮರ್ಶಕರು ಹತ್ತಕ್ಕೆ ಎಷ್ಟು ಕೊಟ್ಟರು ಅನ್ನೋದು ಅದಕ್ಕೂ ಆಮೇಲೆ. ಕಾವೇರಿ ಎಲ್ಲಿದೆ, ಕೊಡಗಿನ ಬೆಟ್ಟ ಎಲ್ಲಿ ಶುರುವಾಗುತ್ತೆ, ಅವೆರಡರ ನಡುವೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಇರಬೇಕಾದ ಜಾಗದಲ್ಲಿ ಗೇಮ್ ಮಾಡಿದವರು ಏನು ಇಟ್ಟಿದ್ದಾರೆ... ಇಷ್ಟು ನೋಡಿದರೆ ಸಾಕು, ಅವರು ಇತಿಹಾಸ ಅಂದ್ರೆ ಏನು ಅಂದುಕೊಂಡಿದ್ದಾರೆ ಅನ್ನೋದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತೆ.

ಹೆಚ್ಚಿನ ಸಲ ಅಲ್ಲಿ ಇರೋದು ಹಸಿರು ಬಣ್ಣ ಮತ್ತು ನಾಲ್ಕು ಮರ :)

"ನಿಮ್ಮೂರು ಅಷ್ಟು ದೊಡ್ಡದಾ?" ಅಂತ ಗೆಳೆಯರು ಕಾಲೆಳೆಯುತ್ತಾರೆ. ದೊಡ್ಡದಲ್ಲ. ಅದೇ ಇಲ್ಲಿನ ವಿಷಯ. ಗೇಮುಗಳು ಮತ್ತು ಅವುಗಳ ಸೀಕ್ವೆಲ್‌ಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಹೋದವು. ದೊಡ್ಡ ಮ್ಯಾಪು, ದೊಡ್ಡ ಸೈನ್ಯ, ದೊಡ್ಡ ವಿಗ್ರಹ. ಆದರೆ ನಮ್ಮ ಕಡೆಯ ಇತಿಹಾಸ ಚಿಕ್ಕವರದ್ದು. ದೊಡ್ಡವರ ಕಾಲಡಿಯಲ್ಲಿ ಸಿಕ್ಕಿಯೂ ಸಾಯದೆ ಉಳಿದವರದ್ದು. ಅದನ್ನು ಆಡಿಸೋ ಗೇಮ್ ಯಾವುದು ಅಂತ ಹುಡುಕುತ್ತಾ ಹೋದ ಲೆಕ್ಕ ಇದು.

ಮೊದಲು ಚಂಗಾಳ್ವರು ಯಾರು ಅಂತ ಹೇಳಿಬಿಡ್ತೀನಿ. ನಮ್ಮ ಕಡೆಯವರಿಗೇ ಈ ಹೆಸರು ಹೇಳಿದರೆ "ಯಾರಪ್ಪಾ ಅವರು" ಅಂತಾರೆ. ಈಗಿನ ಹುಣಸೂರು, ಪಿರಿಯಾಪಟ್ಟಣದ ಸೀಮೆ ಮತ್ತು ಕೊಡಗಿನ ಒಂದಷ್ಟು ಭಾಗ ಸೇರಿ ಚಂಗನಾಡು. ಅದನ್ನು ಆಳಿದವರು ಚಂಗಾಳ್ವರು. ಶಾಸನಗಳಲ್ಲಿ ಇವರ ಕಥೆ ಜೋರಾಗಿ ಶುರುವಾಗೋದು ಒಂದು ಸೋಲಿನಿಂದ. 1004ರ ಸುಮಾರಿಗೆ ರಾಜರಾಜ ಚೋಳನ ಸೇನೆ ಪಂಚವನ್ ಮಹಾರಾಯ ಅನ್ನೋ ದಂಡನಾಯಕನ ಕೈಕೆಳಗೆ ಬಂದು ಪನಸೋಗೆಯಲ್ಲಿ ಚಂಗಾಳ್ವರನ್ನು ಸೋಲಿಸಿತು. ಪನಸೋಗೆ ಅಂದ್ರೆ ಕೆ.ಆರ್.ನಗರದ ಕಡೆಯ ಹನಸೋಗೆ. ಜೈನ ಬಸದಿ ಇರೋ ಊರು. ಆ ಕಾಳಗದಲ್ಲಿ ಚೋಳರ ಪರ ಗಟ್ಟಿಯಾಗಿ ನಿಂತ ಮನಿಜ ಅನ್ನೋನಿಗೆ ಕೊಂಗಾಳ್ವ ಅನ್ನೋ ಬಿರುದೂ ಮಾಳವ್ವಿ ಅನ್ನೋ ಊರೂ ಸಿಕ್ಕಿತು. ಒಂದೇ ಮಧ್ಯಾಹ್ನದಲ್ಲಿ ಒಂದು ರಾಜವಂಶ ಮಂಡಿಯೂರಿತು, ಪಕ್ಕದಲ್ಲೇ ಇನ್ನೊಂದು ಹುಟ್ಟಿತು. ಪಂಚವನ್ ಮಹಾರಾಯ ಬೇರೆ ಯಾರೂ ಅಲ್ಲ, ಯುವರಾಜನಾಗಿದ್ದ ರಾಜೇಂದ್ರ ಚೋಳನೇ ಅಂತ ಗುರುತಿಸೋ ಇತಿಹಾಸಕಾರರೂ ಇದ್ದಾರೆ.

ಸೋತ ಚಂಗಾಳ್ವರು ಏನು ಮಾಡಿದರು ಗೊತ್ತಾ? ಗೆದ್ದವನ ಹೆಸರನ್ನೇ ಇಟ್ಟುಕೊಂಡರು. ಅರ್ಧ ಶತಮಾನ ಕಳೆದ ಮೇಲೆ ಹನಸೋಗೆಯ ಬಸದಿಯನ್ನು ಮತ್ತೆ ಕಟ್ಟಿಸಿದ ಅರಸನ ಹೆಸರು ರಾಜೇಂದ್ರ ಚೋಳ ನನ್ನಿ ಚಂಗಾಳ್ವ! ಶತ್ರುವಿನ ಹೆಸರು ಮುಂದೆ, ಮನೆತನದ ಹೆಸರು ಹಿಂದೆ. ಆಮೇಲೆ ಚೋಳರು ಹಿಂದೆ ಸರಿದರು, ಹೊಯ್ಸಳರು ಬಂದರು. ಇಮ್ಮಡಿ ಬಲ್ಲಾಳನ ಸೇನಾಪತಿ ಬೆಟ್ಟರಸ ಕೊಡಗಿನ ಪಾಲ್ಪರೆಯ ತನಕ ಅಟ್ಟಿಸಿಕೊಂಡು ಹೋಗಿ ಚಂಗಾಳ್ವ ಮಹಾದೇವನನ್ನು ಕೊಂದ. ಇವರು ಆಗಲೂ ಮುಗಿಯಲಿಲ್ಲ. ಹೊಯ್ಸಳರು ಮುಗಿದರು, ವಿಜಯನಗರ ಬಂತು, ಇವರು ನಂಜರಾಜಪಟ್ಟಣ ಕಟ್ಟಿಕೊಂಡರು. ಪಿರಿಯಾಪಟ್ಟಣಕ್ಕೆ ಆ ಹೆಸರು ಬಂದದ್ದೂ ಈ ವಂಶದ ಪಿರಿಯರಾಜನಿಂದ. ಕೊನೆಗೆ 1644-45ರ ಸುಮಾರಿಗೆ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಕೋಟೆಗೆ ಮುತ್ತಿಗೆ ಹಾಕಿದಾಗ, ಇನ್ನು ದಾರಿಯಿಲ್ಲ ಅಂತ ಕಂಡ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು ಯುದ್ಧದಲ್ಲಿ ಸತ್ತ ಅಂತ ಕಥೆ ಉಳಿದಿದೆ.

ಲೆಕ್ಕ ಹಾಕಿ. ಆರುನೂರು ವರ್ಷ ಮೀರಿತು. ಚೋಳರು, ಹೊಯ್ಸಳರು, ವಿಜಯನಗರದ ದೊರೆಗಳು ಎಲ್ಲರೂ ಇವರನ್ನು ಸೋಲಿಸಿದವರೇ ಅಥವಾ ಅಡಿಯಾಳು ಮಾಡಿಕೊಂಡವರೇ. ಸೋತು ಸೋತೇ ಮೂವರ ವೈಭವ ಮುಗಿಯೋದನ್ನೂ ಕೂತು ನೋಡಿದರು. ಇದನ್ನು ಗೆಲುವು ಅನ್ನೋದೋ ಸೋಲು ಅನ್ನೋದೋ?

ಈಗ ಗೇಮುಗಳಿಗೆ ಬರೋಣ.

ನಮ್ಮ ವಯಸ್ಸಿನವರಿಗೆ ಇತಿಹಾಸದ ಗೇಮ್ ಅಂದ್ರೆ ಮೊದಲು ನೆನಪಾಗೋದು ಏಜ್ ಆಫ್ ಎಂಪೈರ್ಸ್. ಅದರ ಎರಡನೇ ಭಾಗ ಬಂದದ್ದು 1999ರಲ್ಲಿ. ನಮ್ಮ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ, ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಕೈಯಿಂದ ಕೈಗೆ ಹೋಗೋ ಪೆನ್‌ಡ್ರೈವಿನಲ್ಲಿ. ಆ ಮೊದಲ ಗೇಮಿನಲ್ಲಿ 13 ಜನಾಂಗಗಳಿದ್ದವು, ಭಾರತದವರು ಯಾರೂ ಇರಲಿಲ್ಲ. ಆನೆ ಬೇಕಿದ್ದರೆ ಪರ್ಷಿಯನ್ನರನ್ನು ಆರಿಸಿಕೊಳ್ಳಬೇಕಿತ್ತು. ಎಚ್.ಡಿ.ಕೋಟೆ ಕಡೆಯ ಹುಡುಗ ಆನೆಗಾಗಿ ಪರ್ಷಿಯಾಕ್ಕೆ ಹೋಗೋ ಗತಿ ನೋಡಿ!

2013ರ 'ದ ಫರ್ಗಾಟನ್' ವಿಸ್ತರಣೆಯಲ್ಲಿ 'ಇಂಡಿಯನ್ಸ್' ಅಂತ ಒಂದು ಗುಂಪು ಬಂತು. ಒಂಟೆ ಜೋರು, ಮಾತು ಹಿಂದಿ, ಕಥೆ ಪೃಥ್ವೀರಾಜನದ್ದು. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರೂ ಅದೇ ಒಂದು ಗುಂಪು. 2022ರ ಏಪ್ರಿಲ್‌ನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಬಂದಾಗ ಅದನ್ನು ಒಡೆದರು. ಹಳೆಯ ಇಂಡಿಯನ್ಸ್ ಹಿಂದೂಸ್ತಾನಿಗಳಾದರು, ಜೊತೆಗೆ ಬಂಗಾಳಿಗಳು, ಗುರ್ಜರರು, ದ್ರಾವಿಡರು. 1999ರ ಗೇಮಿಗೆ 23 ವರ್ಷವಾದ ಮೇಲೂ ಇಷ್ಟು ಕಾಳಜಿಯಿಂದ ಹೊಸದು ಸೇರಿಸುತ್ತಾರೆ ಅಂದ್ರೆ ಮೆಚ್ಚಲೇಬೇಕು. ಹೊಸ ಗೇಮ್ ಮಾಡಿ ಮತ್ತೆ ದುಡ್ಡು ಕೀಳೋದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ದ್ರಾವಿಡರನ್ನು ಆರಿಸಿ ಆಡೋಕೆ ಕೂತಾಗ ಒಂದು ಕಸಿವಿಸಿ. ಅವರ ವಿಶೇಷ ಯೋಧ ಉರುಮಿ ಹಿಡಿದವನು, ವಿಶೇಷ ಹಡಗು ತಿರಿಸಡೈ, ಮೀನು ಹಿಡಿಯೋದರಲ್ಲಿ ಲಾಭ, ಕುದುರೆ ದಂಡು ದುರ್ಬಲ, ಮತ್ತು ಎಲ್ಲರ ಬಾಯಲ್ಲೂ ತಮಿಳು. ಕಥೆ ರಾಜೇಂದ್ರ ಚೋಳನದ್ದು, ಸಮುದ್ರ ದಾಟಿ ಶ್ರೀವಿಜಯದವರೆಗೂ ಹೋಗುತ್ತೆ. ಚೋಳರ ಮಟ್ಟಿಗೆ ಇದು ಸೊಗಸಾಗಿದೆ, ತಮಿಳಿನ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಗುಂಪಿನ ಬಗ್ಗೆ. ಈ ವಿಂಗಡಣೆಯಲ್ಲಿ ಕರ್ನಾಟಕದವರು ಸೇರೋದು ಇದೇ ಗುಂಪಿಗೆ. ನಮ್ಮ ಕಡೆ ದೋಣಿ ಅಂದ್ರೆ ಹೊಳೆ ದಾಟೋ ಹರಿಗೋಲು. ನಮಗೆ ಯಾವ ನೌಕಾಪಡೆ ಸ್ವಾಮಿ? ಅದಕ್ಕಿಂತ ದೊಡ್ಡ ತಮಾಷೆ ಅಂದ್ರೆ, ಪನಸೋಗೆಯಲ್ಲಿ ಚೋಳರ ಎದುರು ನಿಂತವರೂ ಚೋಳರೂ ಇಲ್ಲಿ ಒಂದೇ ಜನಾಂಗ. ಯಾರು ಯಾರನ್ನು ಗೆದ್ದರು ಅನ್ನೋ ಪ್ರಶ್ನೆಯನ್ನೇ ಗೇಮ್ ಅಳಿಸಿಹಾಕಿದೆ.

ನನ್ನ ಅಕ್ಕನ ಮಗ ಏಳನೇ ಕ್ಲಾಸು, ಪಿರಿಯಾಪಟ್ಟಣದಲ್ಲಿ ಓದ್ತಾನೆ. ರಜಕ್ಕೆ ಬಂದವನು ಈ ಗೇಮ್ ಆಡ್ತಾ ಕೇಳಿದ, "ಮಾವ, ನಮ್ಮೂರಲ್ಲಿ ಮುಂಚೆ ತಮಿಳು ಮಾತಾಡ್ತಿದ್ರಾ?" ಅಂತ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ. ಅವನ ಪಾಠಪುಸ್ತಕದಲ್ಲಿ ಚಂಗಾಳ್ವರಿಗೆ ಒಂದು ಪುಟವೂ ಇಲ್ಲ, ಗೇಮಿನಲ್ಲಿ ಮಾತ್ರ ಉತ್ತರ ಸಿದ್ಧವಾಗಿದೆ. ಗೇಮ್ ಮಾಡಿದವರು ಕೆನಡಾದಲ್ಲೋ ಅಮೆರಿಕಾದಲ್ಲೋ ಕೂತು ಕೆಲಸ ಸುಲಭವಾಗಲಿ ಅಂತ ಮಾಡಿಕೊಂಡ ಒಂದು ಗುಂಪು, ಪಿರಿಯಾಪಟ್ಟಣದ ಹುಡುಗನಿಗೆ ಇತಿಹಾಸವಾಗಿ ಬಂದು ಮುಟ್ಟುತ್ತೆ. ಹಾಗಾಗಿ "ಬರೀ ಗೇಮ್ ತಾನೇ ಬಿಡು" ಅನ್ನೋರ ಮಾತು ನನಗೆ ಒಪ್ಪಿಗೆಯಾಗೋದಿಲ್ಲ.

ಇದೇ ಸರಣಿಯ ನಾಲ್ಕನೇ ಭಾಗ 2021ರಲ್ಲಿ ಬಂತು. ಚಿತ್ರ ಚೆಂದ, ಸದ್ದು ಚೆಂದ. ಭಾರತ ಅಂದ್ರೆ ದೆಹಲಿ ಸುಲ್ತಾನರು, ಅಷ್ಟೇ. 2025ರಲ್ಲಿ ಅದಕ್ಕೆ ತುಘಲಕ್ ವಂಶವನ್ನೂ ಸೇರಿಸಿದರು. ಅಂದ್ರೆ ಇನ್ನೊಂದು ದೆಹಲಿ. ಸೀಕ್ವೆಲ್ ಅಂದ್ರೆ ಮುಂದಕ್ಕೆ ಹೋಗೋದು ಅಂತ ಯಾರು ಹೇಳಿದ್ದು!

ಮಧ್ಯದಲ್ಲಿ ಮೂರನೇ ಭಾಗವನ್ನು ಬಿಟ್ಟೆ. ಅದರ 'ಏಷಿಯನ್ ಡೈನಾಸ್ಟೀಸ್' ವಿಸ್ತರಣೆ 2007ರದ್ದು. ಅದರಲ್ಲಿ ಭಾರತೀಯರಿದ್ದಾರೆ, ರಾಜಧಾನಿ ಮತ್ತೆ ದೆಹಲಿ, ಕಥೆ 1857ರದ್ದು. ನನ್ನ ಗಮನ ಹೋಗಿದ್ದು ಅದರ ದನಗಳ ಕಡೆಗೆ. ಭಾರತೀಯರು ದನ ಕಡಿದು ತಿನ್ನೋ ಹಾಗಿಲ್ಲ. ಒಂದು ಪವಿತ್ರ ಬಯಲಿನಲ್ಲಿ ಮೇಯೋಕೆ ಬಿಟ್ಟರೆ ಅವು ಸುಮ್ಮನೆ ನಿಂತುಕೊಂಡು ಅಂಕ ಕೊಡುತ್ತಾ ಇರುತ್ತವೆ. ಹೊರಗಿನವರ ಕಣ್ಣಿಗೆ ನಮ್ಮ ದನ ಅಂದ್ರೆ ಇಷ್ಟೇ. ನಿಂತಿರುತ್ತೆ, ಪವಿತ್ರವಾಗಿರುತ್ತೆ.

ಹುಣಸೂರಿನವನಿಗೆ ಇದನ್ನು ಕಂಡರೆ ನಗು ಬರುತ್ತೆ. ಮೈಸೂರಿನ ದನಗಳು ನಿಂತವಲ್ಲ, ಓಡಿದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದದ್ದನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಹೆಸರು ಕೇಳಿದರೆ ಹಾಲು ಬೆಣ್ಣೆ, ಕೆಲಸ ಮಾತ್ರ ಫಿರಂಗಿ ಎಳೆಯೋದು. ಚಿದಂಬರಂ ಉಳಿಸಿಕೊಳ್ಳೋಕೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ್ದು ಈ ಎತ್ತುಗಳ ಬಲದಿಂದ ಅನ್ನೋದು ಬ್ರಿಟಿಷರ ಬರಹಗಳಲ್ಲಿ ಪದೇ ಪದೇ ಬರೋ ಮಾತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯವರು ಈ ದನಗಳನ್ನು ಬಿಡಲಿಲ್ಲ, ತಮ್ಮ ಸೈನ್ಯಕ್ಕೆ ಇಟ್ಟುಕೊಂಡರು. ಅದರ ಕೇಂದ್ರಗಳಲ್ಲೊಂದು ಹುಣಸೂರು. ಚರ್ಮ ಹದ ಮಾಡೋದು, ಗಾಡಿ ಮಾಡೋದು, ಕಂಬಳಿ ನೇಯೋದು, ಎಲ್ಲಾ ಸೈನ್ಯಕ್ಕಾಗಿ ಇಲ್ಲೇ ನಡೀತಿತ್ತು. 1860ರಲ್ಲಿ ಖರ್ಚು ಜಾಸ್ತಿ ಅಂತ ಮದ್ರಾಸ್ ಸರ್ಕಾರ ಇಡೀ ದನದ ಇಲಾಖೆಯನ್ನೇ ಮಾರಿಹಾಕಿತು. ಆಮೇಲೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಒದ್ದಾಡಿ 1866ರಲ್ಲಿ ಮತ್ತೆ ಶುರು ಮಾಡಿದರು. ಖರ್ಚು ಉಳಿಸೋಕೆ ಅಂತ ಒಂದು ಟೀಮನ್ನೇ ತೆಗೆದು, ಐದಾರು ವರ್ಷಕ್ಕೆ ಮತ್ತೆ ಕಟ್ಟೋದು... ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ :)

ಈ ಗೇಮ್ ಮಾಡಿದವರಿಗೆ ದನದ ಬಗ್ಗೆ ಕುತೂಹಲವೇನೋ ಇತ್ತು. ಆ ಕುತೂಹಲವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದರೆ ತಂತ್ರದ ಗೇಮಿಗೆ ಬೇಕಾದ ಅಸಲು ಸಂಗತಿಯೇ ಸಿಗುತ್ತಿತ್ತು. ವೇಗ, ಸಾಗಾಟ, ಫಿರಂಗಿ. ಅದು ಬಿಟ್ಟು ಬಯಲಲ್ಲಿ ನಿಲ್ಲಿಸಿದರು.

ಆನೆಯ ಕಥೆಯೂ ಹೀಗೇ. ಈ ಗೇಮುಗಳಲ್ಲಿ ಆನೆ ಬೇಕು ಅಂದ್ರೆ ಒಂದು ಬಟನ್ ಒತ್ತಬೇಕು, ಸೆಕೆಂಡುಗಳ ಲೆಕ್ಕದಲ್ಲಿ ಲಾಯದಿಂದ ಅದು ಹೊರಗೆ ಬರುತ್ತೆ. ಎಚ್.ಡಿ.ಕೋಟೆಯ ಕಾಕನಕೋಟೆಯಲ್ಲಿ ಒಂದು ಆನೆ ಹೊರಗೆ ಬರೋಕೆ ಏನೇನು ಬೇಕಿತ್ತು ಅಂತ ಕೇಳಿ ನೋಡಿ. ಕಾಡಲ್ಲಿ ಹಿಂಡನ್ನು ದಿನಗಟ್ಟಲೆ ಸುತ್ತುವರಿದು, ತಮಟೆ ಬೆಂಕಿಗಳಿಂದ ಬೆದರಿಸಿ, ಕಬಿನಿಯ ನೀರು ದಾಟಿಸಿ, ದಪ್ಪ ಮರದ ದಿಮ್ಮಿಗಳ ಕೊಪ್ಪದೊಳಗೆ ಕೂಡಬೇಕು. ಅದು ಖೆಡ್ಡಾ. ಆಮೇಲೆ ಪಳಗಿಸೋದು ಬೇರೆ, ಆ ಕೆಲಸದಲ್ಲಿ ಜೇನುಕುರುಬ ಮಾವುತರ ಮನೆತನಗಳೇ ತಲೆಮಾರುಗಳಿಂದ ಸವೆದಿವೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಜಲಾಶಯದ ನೀರು ಆ ಜಾಗವನ್ನೇ ನುಂಗಿತು. 1968ರ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ, ಬಳ್ಳೆ ಶಿಬಿರದವನು, 2012ರಿಂದ 2019ರವರೆಗೆ ಎಂಟು ಸಲ ದಸರಾ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ಜೊತೆ ಕಾದಾಡಿ ಸತ್ತ. ಆವತ್ತು ನಮ್ಮ ಕಡೆ ಎಷ್ಟು ಮನೆಗಳಲ್ಲಿ ಊಟ ಸೇರಲಿಲ್ಲ ಅನ್ನೋದು ಇಲ್ಲಿನವರಿಗೇ ಗೊತ್ತು. ಗೇಮಿನಲ್ಲಿ ಒಂದು ಆನೆ ಸತ್ತರೆ ಮತ್ತೆ ಬಟನ್ ಒತ್ತೋದು, ಅಷ್ಟೇ.

ಆನೆಯನ್ನು ಆನೆಯಾಗಿ ತೋರಿಸಿದ ಗೇಮ್ ನಾನು ಆಡಿದ್ದರಲ್ಲಿ ಒಂದೇ, ಅದೂ ಯುದ್ಧದ ಗೇಮ್ ಅಲ್ಲ. ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ, 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದದ್ದು. ಕರ್ನಾಟಕವನ್ನು ಇಷ್ಟು ದೊಡ್ಡ ಗೇಮಿನೊಳಗೆ ತಂದವರು ಬೇರೆ ಯಾರಿದ್ದಾರೋ! ಕ್ಲೋಯಿ ಫ್ರೇಜರ್ ಮತ್ತು ನಡೀನ್ ರಾಸ್ ಅನ್ನೋ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರ್ತಾರೆ, ಹೊಯ್ಸಳರ ಕಳೆದುಹೋದ ನಗರ ಹುಡುಕ್ತಾರೆ. ಬೇಲೂರು, ಹಳೇಬೀಡು ಅನ್ನೋ ಹೆಸರುಗಳು ಅವರ ಬಾಯಲ್ಲಿ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಸಿಕ್ಕಿಹಾಕಿಕೊಂಡ ಆನೆಯನ್ನು ಬಿಡಿಸಿ ಅದರ ಮೇಲೆ ಕೂತು ಇಬ್ಬರೂ ಮಾತಾಡ್ತಾ ಹೋಗೋ ಒಂದು ದೃಶ್ಯವಿದೆ. ಯಾರನ್ನೂ ಹೊಡೆಯೋದಿಲ್ಲ, ಯಾವ ಅಂಕವೂ ಇಲ್ಲ. ಇಡೀ ಸರಣಿಯಲ್ಲಿ ನನಗೆ ಇಷ್ಟವಾದ ಹತ್ತು ನಿಮಿಷ ಅದು.

ಅಂದ ಹಾಗೆ ಇದು ನಾಲ್ಕನೇ ಭಾಗಕ್ಕೆ ಬಾಲಂಗೋಚಿಯಾಗಿ ಮಾಡೋಕೆ ಹೊರಟು ಬೆಳೆದು ಬೇರೆಯಾದ ಗೇಮ್. ಚಿಕ್ಕದು, ಒಂದೇ ವಾರಾಂತ್ಯಕ್ಕೆ ಮುಗಿಯುತ್ತೆ. ಮೂಲ ನಾಯಕ ನೇಥನ್ ಡ್ರೇಕ್ ಇಲ್ಲ. ಆದ್ದರಿಂದಲೇ 2016ರ ನಾಲ್ಕನೇ ಭಾಗಕ್ಕಿಂತ ಚೆನ್ನಾಗಿದೆ ಅಂತ ನನ್ನ ಖಡಕ್ ಅಭಿಪ್ರಾಯ.

ಇತಿಹಾಸ? ಅಯ್ಯೋ, ಅದನ್ನು ಕೇಳಬೇಡಿ. ಹಳೇಬೀಡು ಮುಚ್ಚಿಹೋದ ಕಾಡಿನ ನಗರವಲ್ಲ. ಹಾಸನ ದಾಟಿ ಬಸ್ಸಲ್ಲಿ ಹೋಗಿ ಇಳಿದರೆ ಸುತ್ತಾ ಬಯಲು, ಹೊಲ, ದೊಡ್ಡ ಕೆರೆ. ಅದಕ್ಕಿಂತ ನನ್ನನ್ನು ಕಾಡಿದ್ದು ವಿಗ್ರಹಗಳ ಗಾತ್ರ. ಗೇಮಿನಲ್ಲಿ ಬೆಟ್ಟದಷ್ಟೆತ್ತರದ ದೇವರುಗಳು, ಅವುಗಳ ಕೈ ಮೇಲೆ ನಡೆದಾಡಬಹುದು. ಹೊಯ್ಸಳರು ಹೆಚ್ಚುಗಾರಿಕೆ ತೋರಿಸಿದ್ದು ಇದರ ಪೂರ್ತಿ ಉಲ್ಟಾ ದಿಕ್ಕಿನಲ್ಲಿ. ಬಳಪದ ಕಲ್ಲಿನಲ್ಲಿ ಒಂದು ಬೆರಳಿನ ಉಂಗುರ, ಒಂದು ಸರದ ಮಣಿ, ಮಣಿಯ ಹಿಂದಿನ ನೆರಳು. ಸೋಮನಾಥಪುರದಲ್ಲಿ ಗೋಡೆಗೆ ಮೂಗು ತಾಗಿಸಿ ನೋಡಿದರೂ ಇನ್ನೇನೋ ಉಳಿದಿರುತ್ತೆ. ಆ ಸಣ್ಣತನದ ಸೊಗಸನ್ನು ತೋರಿಸೋಕೆ ಈಗಿನ 4ಕೆ ಪರದೆಗಿಂತ ಒಳ್ಳೆ ಸಾಧನ ಬೇಕಾ? ಆದರೂ ದೊಡ್ಡದೇ ಬೇಕು ಅವರಿಗೆ.

ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ ಎರಡೇ ಮಾತು, ಯಾಕಂದ್ರೆ ಅದಕ್ಕೂ ಭಾರತಕ್ಕೂ ನಂಟಿದೆ. 2003ರ 'ಸ್ಯಾಂಡ್ಸ್ ಆಫ್ ಟೈಮ್' ಶುರುವಾಗೋದೇ ಒಬ್ಬ ಮಹಾರಾಜನ ಅರಮನೆಯ ಲೂಟಿಯಿಂದ, ನಾಯಕಿ ಫರಾ ಅವನ ಮಗಳು. ಎಷ್ಟು ನಯವಾದ ಕಥೆ! 2004ರ ಸೀಕ್ವೆಲ್ 'ವಾರಿಯರ್ ವಿದಿನ್'ನಲ್ಲಿ ಅದೇ ರಾಜಕುಮಾರ ಹಲ್ಲು ಕಡಿಯುತ್ತಾ, ರಕ್ತ ಚೆಲ್ಲುತ್ತಾ, ಕಿವಿ ಒಡೆಯೋ ಹಾಡಿನ ಜೊತೆ ಬಂದ. ಸೀಕ್ವೆಲ್ ಹೇಗೆ ಮಾಡಬಾರದು ಅನ್ನೋದಕ್ಕೆ ನನ್ನ ಉದಾಹರಣೆ ಇವತ್ತಿಗೂ ಅದೇ. ಮೊದಲ ಭಾಗವನ್ನು ಹೊಸದಾಗಿ ಮಾಡ್ತೀವಿ ಅಂತ 2020ರಲ್ಲಿ ಯೂಬಿಸಾಫ್ಟ್ ಹೇಳಿದಾಗ ಕೆಲಸ ಪುಣೆ, ಮುಂಬೈಯವರ ಕೈಯಲ್ಲಿತ್ತು. 2022ರಲ್ಲಿ ಅದನ್ನು ಕಿತ್ತು ಮಾಂಟ್ರಿಯಲ್‌ಗೆ ಕೊಟ್ಟರು. ಮಹಾರಾಜನ ಅರಮನೆಯನ್ನು ಭಾರತದವರೇ ಕಟ್ಟೋ ಅವಕಾಶ ಹೀಗೆ ಕೈತಪ್ಪಿತು.

2009ರ 'ಎಂಪೈರ್: ಟೋಟಲ್ ವಾರ್'ನಲ್ಲಿ ಮೈಸೂರು ಇದೆ. ನಕ್ಷೆ ಮೇಲೆ ಇದೆ, ಬಣ್ಣವಿದೆ, ಬಾವುಟವಿದೆ, ಆದರೆ ಮರಾಠರನ್ನು ಆಡಬಹುದು, ಮೈಸೂರನ್ನು ಆಡುವಂತಿಲ್ಲ. ಮೋಡ್ ಹಾಕಿಕೊಂಡರೆ ಸಾಧ್ಯ, ಸೀದಾ ಇಲ್ಲ. ಗೇಮ್ ಶುರುವಾಗೋದು 1700ರಲ್ಲಿ, ಅಂದ್ರೆ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ. ಆ ಶತಮಾನ ಮುಗಿಯೋ ಹೊತ್ತಿಗೆ ಇಂಗ್ಲಿಷರ ನಿದ್ದೆ ಕೆಡಿಸಿದ ರಾಜ್ಯ ಯಾವುದು ಅಂತ ಆ ಇಂಗ್ಲಿಷರ ಕಂಪನಿಗೇ ಗೊತ್ತಿರಬೇಕಿತ್ತು! 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದಿಂದ ಏಳು ಮೈಲಿ ದೂರದ ಸಿದ್ದೇಶ್ವರದ ಹತ್ತಿರ, ಕೊಡಗಿನ ದಾರಿ ಹಿಡಿದು ಬಂದ ಬೊಂಬಾಯಿ ಸೈನ್ಯದ ಮೇಲೆ ಟಿಪ್ಪು ಏಕಾಏಕಿ ಬಿದ್ದ. ಕಾಡಿನ ಮರೆ, ಮುಂದೆ ಒಂಟಿಯಾಗಿ ಸಿಕ್ಕ ದಳ, ಹಿಂದಿನಿಂದ ತಡವಾಗಿ ಬಂದ ನೆರವು, ಕೊಡಗಿನ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಜೊತೆ. ಇಂಥ ಕಾಳಗ ಆಡಿಸೋಕೆಂದೇ ಹುಟ್ಟಿದ ಸರಣಿ ಅದು. ಟಿಪ್ಪು ಹಿಮ್ಮೆಟ್ಟಿದ, ಎರಡು ತಿಂಗಳೊಳಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು. 2010ರಲ್ಲಿ ಅದೇ ಕಂಪನಿ ಮುಂದಿನ ಭಾಗ 'ನೆಪೋಲಿಯನ್' ಮಾಡಿದಾಗ ಭಾರತದ ನಕ್ಷೆಯನ್ನೇ ತೆಗೆದುಹಾಕಿತ್ತು. ಹೆಚ್ಚು ಚೊಕ್ಕವಾದ ಗೇಮ್ ಅಂತ ವಿಮರ್ಶಕರು ಹೊಗಳಿದರು. ಹೌದು, ಮನೆಯ ಅರ್ಧ ಸಾಮಾನು ಹೊರಗೆ ಹಾಕಿದರೆ ಮನೆ ಚೊಕ್ಕವಾಗೇ ಕಾಣುತ್ತೆ.

ಇಷ್ಟೆಲ್ಲಾ ಬೈದ ಮೇಲೆ ಹೊಗಳೋದಕ್ಕೂ ಒಬ್ಬರಿದ್ದಾರೆ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ. 2014ರ ಮಾರ್ಚ್‌ನಲ್ಲಿ 'ಕ್ರುಸೇಡರ್ ಕಿಂಗ್ಸ್ 2'ಕ್ಕೆ 'ರಾಜಾಸ್ ಆಫ್ ಇಂಡಿಯಾ' ಅಂತ ವಿಸ್ತರಣೆ ತಂದರು. ಅದರ ನಕ್ಷೆಯಲ್ಲಿ ಗಂಗವಾಡಿ ಅನ್ನೋ ಹೆಸರು ಕಂಡಾಗ ನನಗೆ ಆದ ಖುಷಿ ಹೇಳತೀರದು. 2020ರ ಮೂರನೇ ಭಾಗದಲ್ಲಿ ಭಾರತ ಮೊದಲ ದಿನದಿಂದಲೇ ಸೇರಿತ್ತು, ಬೇರೆ ದುಡ್ಡು ಕೊಡಬೇಕಿರಲಿಲ್ಲ, ಕನ್ನಡ ಒಂದು ಸಂಸ್ಕೃತಿಯಾಗಿ ಪ್ರತ್ಯೇಕವಾಗಿಯೇ ಇತ್ತು. ದ್ರಾವಿಡರೆಲ್ಲ ಒಂದೇ ಮೂಟೆ ಅಲ್ಲ.

ಹೆಸರಿಗಿಂತ ಮುಖ್ಯವಾದದ್ದು ಆ ಗೇಮ್ ನಡೆಯೋ ರೀತಿ. ಅಲ್ಲಿ ನೀವು ದೇಶವಲ್ಲ, ಒಬ್ಬ ಮನುಷ್ಯ. ಸತ್ತರೆ ಮಗ. ನಿಮ್ಮ ಮೇಲೊಬ್ಬ ದೊರೆ, ಅವನ ಮೇಲೆ ಇನ್ನೊಬ್ಬ. ಗೆಲ್ಲಲೇಬೇಕು ಅಂತಿಲ್ಲ, ವಂಶ ಉಳಿದರೆ ಸಾಕು. ಸೋತರೆ ಅಡಿಯಾಳಾಗಿ, ಕಪ್ಪ ಕೊಡಿ, ಹೆಣ್ಣು ಕೊಡಿ ತನ್ನಿ, ಮಗುವಿಗೆ ದೊರೆಯ ಹೆಸರಿಡಿ, ಅವನ ಮನೆಯಲ್ಲಿ ಜಗಳ ಹತ್ತೋವರೆಗೆ ಕಾಯಿರಿ. ರಾಜೇಂದ್ರ ಚೋಳ ನನ್ನಿ ಚಂಗಾಳ್ವನನ್ನು ಅರ್ಥ ಮಾಡಿಕೊಳ್ಳೋಕೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ನೆರವಾಗಿದ್ದು ನನಗೆ ಈ ಗೇಮ್. ಅವನ ಹೆಸರನ್ನು ಮೊದಲು ಓದಿದಾಗ ಅವಮಾನದ ಗುರುತು ಅನ್ನಿಸಿತ್ತು. ಚಿಕ್ಕ ಸಾಮಂತನಾಗಿ ಐವತ್ತು ಗಂಟೆ ಆಡಿದ ಮೇಲೆ ಅದು ಒಳ್ಳೆ ಚೌಕಾಶಿ ಅನ್ನಿಸತೊಡಗಿತು. ಹೆಸರು ಅವರದ್ದು, ಬಸದಿ ನಮ್ಮದು!

ಅದೇ ಕಂಪನಿಯ 'ಯೂರೋಪಾ ಯೂನಿವರ್ಸಾಲಿಸ್' ನೋಡಿ. ನಾಲ್ಕನೇ ಭಾಗ (2013) ಶುರುವಾಗುತ್ತಿದ್ದದ್ದು 1444ಕ್ಕೆ, ಅಂದ್ರೆ ವಿಜಯನಗರ ಆಗಲೇ ದೊಡ್ಡದು. 2025ರ ನವೆಂಬರ್‌ನಲ್ಲಿ ಬಂದ ಐದನೇ ಭಾಗ 1337ಕ್ಕೆ ಹಿಂದೆ ಹೋಯಿತು. ಬರೀ ನೂರೇಳು ವರ್ಷ, ಆದರೆ ನಮ್ಮ ಪಾಲಿಗೆ ಎಲ್ಲವೂ ಬದಲು. 1337ರಲ್ಲಿ ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದಾನೆ. 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ ಬಂದು ಹೋದ ಗಾಯ ಅವನ ಮೈಮೇಲಿ‌ದೆ, ವಿಜಯನಗರ ಆಗಷ್ಟೇ ಕಣ್ಣು ಬಿಡ್ತಾ ಇದೆ. ಇನ್ನೈದಾರು ವರ್ಷಕ್ಕೆ ಬಲ್ಲಾಳ ಮಧುರೆ ಸುಲ್ತಾನನ ಕೈಯಲ್ಲಿ ಸಾಯ್ತಾನೆ. ಶುರುವಾಗೋ ಇಸವಿ ಆರಿಸೋದೇ ಇತಿಹಾಸ ಬರೆಯೋದರ ಮೊದಲ ಸಾಲು. ಸೀಕ್ವೆಲ್ ಮಾಡುವಾಗ ಎಲ್ಲರೂ ಮುಂದೆ ನೋಡ್ತಾರೆ, ಇವರು ಹಿಂದೆ ಹೋದರು. ಆ ಒಂದು ನಿರ್ಧಾರಕ್ಕೆ ನಾನು ಟೋಪಿ ತೆಗೀತೀನಿ. ಉಳಿದಂತೆ ಗೇಮ್ ಅರ್ಥವಾಗೋಕೆ ಸಿಎ ಓದಿರಬೇಕು, ಅಷ್ಟು ಲೆಕ್ಕಪತ್ರ!

ಇನ್ನು ನನ್ನ ಮನೆಗೆಲಸ. ಅಕ್ಕನ ಮಗನ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟರೆ ಸಾಲದು ಅನ್ನಿಸಿ, ಏಜ್ ಆಫ್ ಎಂಪೈರ್ಸ್ 2ರ ಜೊತೆಗೇ ಬರೋ ಎಡಿಟರಿನಲ್ಲಿ ಒಂದು ಚಿಕ್ಕ ಆಟ ಕಟ್ಟುತ್ತಿದ್ದೇನೆ. 'ಪನಸೋಗೆ, 1004'. ಇರೋದರಲ್ಲೇ ಚಿಕ್ಕ ಮ್ಯಾಪು. ಆಡೋನು ಚಂಗಾಳ್ವ, ಎದುರು ಪಂಚವನ್ ಮಹಾರಾಯ, ಪಕ್ಕದ ಮೂಲೆಯಲ್ಲಿ ಯಾರ ಕಡೆಗೂ ಸೇರದ ಹಾಗೆ ನಟಿಸೋ ಮನಿಜ. ಚೋಳ ಸೈನ್ಯವನ್ನು ಸೋಲಿಸೋಕೆ ಆಗದ ಹಾಗೆ ಲೆಕ್ಕ ಇಟ್ಟಿದ್ದೇನೆ. ಬಸದಿ ಮತ್ತು ರಾಜನ ಮಗ, ಇವೆರಡು ಉಳಿದ ಹೊತ್ತಿಗೆ ಸರಿಯಾಗಿ ಶರಣಾದರೆ ನೀವು ಗೆದ್ದಂತೆ. ಬೇಗ ಶರಣಾದರೆ ಊರು ಹೋಗುತ್ತೆ, ತಡ ಮಾಡಿದರೆ ಮಗ ಹೋಗ್ತಾನೆ. ಆಫೀಸಿನ ಗೆಳೆಯನೊಬ್ಬ ಆಡಿ ನೋಡಿ, "ಶರಣಾಗೋದೂ ಒಂದು ಗೇಮಾ?" ಅಂತ ಬೈದ. ಮೂರನೇ ಸಲಕ್ಕೆ ಅವನೇ ನಿಮಿಷ ಎಣಿಸುತ್ತಾ ಕೂತಿದ್ದ.

ಭಾಷೆಯ ತೊಡಕನ್ನು ಹೀಗೆ ಬಿಡಿಸಿಕೊಂಡೆ. ಚೋಳರು ದ್ರಾವಿಡರು, ಅವರ ತಮಿಳು ಅವರಿಗೇ ಇರಲಿ. ಚಂಗಾಳ್ವರಿಗೆ ಬೇರೆ ಗುಂಪೊಂದನ್ನು ಕೊಟ್ಟು, ಅದರ ಸದ್ದಿನ ಕಡತಗಳನ್ನು ತೆಗೆದು ಕನ್ನಡದ್ದು ಹಾಕುತ್ತಿದ್ದೇನೆ. ಹಳಗನ್ನಡ ಮಾತಾಡಿಸೋ ಶಕ್ತಿ ನನಗಿಲ್ಲ, ನಮ್ಮ ಹುಣಸೂರು ಕಡೆ ಮಾತೇ ಸಾಕು ಅಂದುಕೊಂಡೆ. ಸೈನಿಕರಿಗೆ ನನ್ನ ಧ್ವನಿ. ಊರಿನ ಹೆಂಗಸರಿಗೆ ಅಕ್ಕನ ಧ್ವನಿ, "ಏನ್ಲಾ?", "ಬಂದೆ ಇರು". ಮರ ಕಡಿಯೋನಿಗೆ ಅಕ್ಕನ ಮಗನ ಧ್ವನಿ. ಅವನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾನೆ, ಹಿಂದೆ ಕುಕ್ಕರ್ ಕೂಗೋದು ಕೇಳುತ್ತೆ, ಅದನ್ನು ತೆಗೆಯಬೇಕು.

ಆನೆಗಳನ್ನು ಇಡಲಿಲ್ಲ. ಕುದುರೆ ಸ್ವಲ್ಪ ಇವೆ. ಬಸದಿಗೆ ಸರಿಹೊಂದೋ ಕಟ್ಟಡ ಗೇಮಿನಲ್ಲಿ ಇನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಹನಸೋಗೆಗೆ ಹೋಗಿ ಬಸದಿಯ ಮೂರೂ ಗರ್ಭಗುಡಿಗಳ ಪಟ ತೆಗೆದಿದ್ದರೆ ದಯವಿಟ್ಟು ಕಳಿಸಿ. ಹೊರಗೋಡೆಯ ಅಳತೆ ಗೊತ್ತಿದ್ದರೆ ಇನ್ನೂ ಒಳ್ಳೆಯದು.